ಏಳನೇ ಅಧ್ಯಾಯವೂ ನನ್ನ ತಂಗಿಯೂ

ಮಾರ್ಚ್ ೩, ಸೋಮವಾರ

ಕೊನೆಗೂ ಏಳನೇ ಅಧ್ಯಾಯ ನನ್ನ ಕೊರಳಿಗೆ ಬಿತ್ತು. ರಾಷ್ಟ್ರೀಯ ರೋಗತಡೆ ನೀತಿಯಲ್ಲಿ ಲಸಿಕೆ, ನೀರು, ತಂಬಾಕು ಎಂದು ಸುಲಭದವನ್ನೆಲ್ಲ ಉಳಿದವರು ಬಾಚಿಕೊಂಡರು. ಯಾರೂ ಮುಟ್ಟದೆ ಉಳಿದದ್ದು ‘ಆಘಾತ-ಅರಿವಿನ ಆರೈಕೆ’. ನಿರ್ದೇಶಕರು ಕಡತವನ್ನು ತಾವೇ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟು, “ಮೇಡಂ, ಇದು ನಿಮ್ಮಂಥ ಸೂಕ್ಷ್ಮ ಮನಸ್ಸಿನವರಿಗೇ ಸರಿ” ಎಂದರು. ಪಕ್ಕದ ಮೇಜಿನ ಬೆರಳಚ್ಚಿನಾಕೆ ಕೆಮ್ಮಿದಳು. ಅದು ನೆಗಡಿಯ ಕೆಮ್ಮಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ವಿಷಯ ಅಂಥ ಬ್ರಹ್ಮವಿದ್ಯೆಯೇನಲ್ಲ. ಬದುಕಿನಲ್ಲಿ ದೊಡ್ಡ ಏಟು ತಿಂದವರಿಗೆ ಆಸ್ಪತ್ರೆಯೇ ಇನ್ನೊಂದು ಏಟಾಗಬಾರದು, ಅಷ್ಟೆ. ಹೆದರಿದವರು ತಪಾಸಣೆಗೆ ಬರುವುದಿಲ್ಲ. ಬಾರದಿದ್ದರೆ ರೋಗ ಒಳಗೊಳಗೇ ಬೆಳೆಯುತ್ತದೆ. ಬೆಳೆದ ಮೇಲೆ ಯಾವ ನೀತಿ ಏನು ಮಾಡೀತು? ಸಂಜೆಯೊಳಗೆ ಮೊದಲ ವಾಕ್ಯ ಬರೆದೆ: “‘ನಿಮಗೇನು ತೊಂದರೆ’ ಎಂದು ಕೇಳುವುದಕ್ಕೆ ಮೊದಲು ‘ನಿಮಗೇನು ನಡೆಯಿತು’ ಎಂದು ಪ್ರತಿಯೊಬ್ಬರನ್ನೂ ಕೇಳತಕ್ಕದ್ದು.” ಓದಿಕೊಂಡಾಗ ನನಗೇ ಮೈ ಜುಮ್ಮೆಂದಿತು. ‘ಕೇಳಬೇಕು’ ಎಂದರೆ ಆ ಗತ್ತು ಬರುವುದಿಲ್ಲ, ‘ಕೇಳತಕ್ಕದ್ದು’ ಎಂದರೇ ಸರಿ.

ಮನೆಗೆ ಬಂದರೆ ಮನೆ ಬಸ್ ನಿಲ್ದಾಣ. ಒಂದು ಬಾಗಿಲೂ ಮುಚ್ಚಿಲ್ಲ. ತಂಗಿಯ ಕೆಲಸ. ಗಂಡನನ್ನು ಬಿಟ್ಟು ಒಂದೇ ಒಂದು ಚೀಲ ಹಿಡಿದು ನನ್ನ ಮನೆಗೆ ಬಂದು ವರ್ಷ ಕಳೆಯಿತು. ಅಂದಿನಿಂದ ಇದೇ ಹಾಡು. ಸ್ನಾನದ ಮನೆಯ ಬಾಗಿಲನ್ನೂ ಪೂರ್ತಿ ಮುಚ್ಚುವುದಿಲ್ಲ, ನಾಚಿಕೆಗೆಟ್ಟವಳು. ನಾನು ಒಂದೊಂದೇ ಮುಚ್ಚಿ ಚಿಲಕ ಹಾಕುತ್ತ ಹೋದೆ, ಅವಳು ಹಿಂದೆಯೇ ತೆಗೆಯುತ್ತ ಬಂದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಅಲ್ಲಿ ಏನಾಯಿತು ಎಂದು ನಾನು ಕೇಳಿಲ್ಲ. “ಹೊಂದಾಣಿಕೆ ಆಗ್ಲಿಲ್ಲ ಅಕ್ಕ” ಎಂದಳು, ಆಗಲಿಲ್ಲ ಎಂದರೆ ಆಗಲಿಲ್ಲ. ಇನ್ನೊಬ್ಬರ ಮನಸ್ಸು ಕೆದಕುವ ಚಾಳಿ ನನಗಿಲ್ಲ.

ಮಾರ್ಚ್ ೭, ಶುಕ್ರವಾರ

ತಂಗಿ ಬಟ್ಟೆ ಮಡಚುತ್ತ, ನಾಳೆ ಹಾಲು ಜಾಸ್ತಿ ತರಬೇಕು ಎನ್ನುವ ದನಿಯಲ್ಲಿ, “ಎಡಗಡೆ ಎದೆಯಲ್ಲಿ ಏನೋ ಗಂಟು ಥರ ಸಿಗ್ತಾ ಇದೆ” ಎಂದಳು.

“ಎಷ್ಟು ದಿನದಿಂದ?”

“ಇರ್ಲಿ ಬಿಡು.”

ಈ ‘ಇರ್ಲಿ ಬಿಡು’ ಎನ್ನುವುದೇ ದೇಶದ ಮೊದಲನೇ ರೋಗ. ನನಗೆ ಕೈಕಾಲು ತಣ್ಣಗಾಯಿತು. ತಣ್ಣಗಾದರೆ ನನಗೆ ಸಿಟ್ಟು ಬರುತ್ತದೆ. ಓದಿದವಳು, ನಲವತ್ತು ದಾಟಿದವಳು, ಅಕ್ಕ ಆರೋಗ್ಯ ಇಲಾಖೆಯಲ್ಲಿ ಕೂತು ಇಡೀ ದೇಶಕ್ಕೆ ತಪಾಸಣೆ ಮಾಡಿಸಿಕೊಳ್ಳಿ ಎಂದು ಬರೆಯುತ್ತಿದ್ದಾಳೆ, ಇವಳು ಗಂಟನ್ನು ಇರ್ಲಿ ಬಿಡು ಎನ್ನುತ್ತಾಳೆ! ಸರಿಯಾಗಿ ಬೈದೆ. ಸೋಮವಾರಕ್ಕೆ ವೈದ್ಯರ ಸಮಯ ಗೊತ್ತು ಮಾಡಿದೆ.

ಮಾರ್ಚ್ ೧೦, ಸೋಮವಾರ

ಹೋಗಲಿಲ್ಲ. ಹೊರಟಳಂತೆ, ಆಸ್ಪತ್ರೆಯ ಗೇಟಿನವರೆಗೆ ನಡೆದಳಂತೆ, ಅಲ್ಲಿಂದ ಉದ್ಯಾನಕ್ಕೆ ಹೋಗಿ ಬೆಂಚಿನ ಮೇಲೆ ಕೂತು ಬಂದಳಂತೆ. ಹೀಗೂ ಉಂಟೆ?

ಮಾರ್ಚ್ ೧೯, ಬುಧವಾರ

ಸಮಿತಿಯ ಸಭೆ. ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಿದ್ದಾರೆ. ಏನು ಹೇಳಿದರೂ “ಒಂದು ಚೌಕಟ್ಟಿನೊಳಗೆ ನೋಡೋಣ” ಎನ್ನುತ್ತಾರೆ. ಊಟದ ಹೊತ್ತಿಗೆ ಅವರಿಗೆ ಚೌಕಟ್ಟು ಎಂದೇ ಹೆಸರು ಬಿತ್ತು. ಇಟ್ಟವರು ಯಾರು ಎಂದು ಇಲ್ಲಿ ಬರೆಯಬೇಕಾಗಿಲ್ಲ.

ನನ್ನ ಮೊದಲ ವಾಕ್ಯ ಎಲ್ಲರಿಗೂ ಹಿಡಿಸಿತು. ಚೌಕಟ್ಟಂತೂ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ನಮ್ಮ ಬೀದಿಯ ಆರೋಗ್ಯ ಕೇಂದ್ರದಲ್ಲೇ ಪ್ರಯೋಗ ನಡೆಸುವುದೆಂದು ತೀರ್ಮಾನವಾಯಿತು. ಬರುವ ಪ್ರತಿಯೊಬ್ಬರನ್ನೂ ಕೇಳಬೇಕು, ಉತ್ತರ ದಾಖಲಿಸಬೇಕು. ಎಲ್ಲಿ, ಯಾರು, ಹೇಗೆ ಕೇಳಬೇಕು ಎಂದು ಬೆರಳಚ್ಚಿನಾಕೆ ಕೇಳಿದಳು. ಅದೆಲ್ಲ ಜಾರಿ ಮಾಡುವವರ ಕೆಲಸ ಎಂದೆ. ನೀತಿ ಬರೆಯುವವರು ಕುರ್ಚಿ ಎಲ್ಲಿಡಬೇಕು ಎಂದು ಬರೆಯುತ್ತಾರೆಯೇ?

ಮನೆಗೆ ಬಂದು ತಂಗಿಗೆ ಬುದ್ಧಿ ಹೇಳಿದೆ. ಆರಂಭದಲ್ಲೇ ಕಂಡುಹಿಡಿದರೆ ಎಷ್ಟು ಲಾಭ ಎಂದು ಎರಡನೇ ಅಧ್ಯಾಯದ ಕೋಷ್ಟಕವನ್ನು ಬಾಯಿಪಾಠ ಒಪ್ಪಿಸಿದೆ. ಅವಳು ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಂಡು, “ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಗಾದೆ ಮಾಡ್ದೋರು ನಿನ್ನ ನೋಡೇ ಮಾಡಿರ್ಬೇಕು ಕಣಕ್ಕ” ಎಂದಳು.

ನಗಬೇಕೆನಿಸಿತು. ನಗಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಹಿಂಬಾಗಿಲಿಗೆ ಚಿಲಕ ಹಾಕಿದೆ. ನಾನು ಕೋಣೆ ಸೇರುವ ಮೊದಲೇ ಅದು ತೆಗೆದ ಸದ್ದು ಕೇಳಿಸಿತು.

ಏಪ್ರಿಲ್ ೧೦, ಗುರುವಾರ

ಆರೋಗ್ಯ ಕೇಂದ್ರದಲ್ಲಿ ಪ್ರಯೋಗ ಶುರುವಾಗಿದೆ. ತಂಗಿಗೆ ಹೇಳಿದೆ: “ನೋಡು, ಅಲ್ಲಿ ಈಗ ನಾನು ಬರೆದ ಹಾಗೇ ನಡೀತಿದೆ. ನಿನಗೆ ಹೆದರಿಕೆ ಅಂದ್ರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ನಿನ್ನನ್ನ ಮನುಷ್ಯಳ ಥರ ಕೇಳ್ತಾರೆ.”

“ನೀನು ಬರೆದದ್ದಾ?” ಎಂದಳು.

“ನಾನೇ ಬರೆದದ್ದು.”

“ಹಾಗಾದ್ರೆ ನಾಳೆ ಹೋಗ್ತೀನಿ.”

ನೆಮ್ಮದಿಯಾಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಏಪ್ರಿಲ್ ೧೧, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸಿಟ್ಟಿಗೆ ಕಾಗದ ಹರಿದು ಹೋಗುತ್ತಿದೆ.

ಕೇಂದ್ರದಲ್ಲಿ ಚೀಟಿ ಕೊಡುವ ಕಿಟಕಿಗೆ ಗಾಜು ಇದೆ. ಗಾಜಿನ ಹಿಂದಿನ ಗುಮಾಸ್ತನ ಮಾತು ಹೊರಗೆ ಕೇಳುವುದಿಲ್ಲವೆಂದು ಅವನಿಗೊಂದು ಮೈಕು, ಗೋಡೆಗೊಂದು ಸ್ಪೀಕರ್. “ಮುಂದಿನವರು ಬನ್ನಿ” ಎಂದರೆ ಬೀದಿಯ ತುದಿಗೂ ಕೇಳುತ್ತದೆ. ‘ಪ್ರತಿಯೊಬ್ಬರನ್ನೂ ಕೇಳತಕ್ಕದ್ದು’ ಎಂಬ ನನ್ನ ವಾಕ್ಯವನ್ನು ಜಾರಿ ಮಾಡುವವರು ಆ ಗುಮಾಸ್ತನ ಕೈಗೇ ಕೊಟ್ಟಿದ್ದಾರೆ. ಪ್ರತಿಯೊಬ್ಬರೂ ಬರುವುದು ಅವನ ಬಳಿಗೇ ಅಲ್ಲವೆ? ಲೆಕ್ಕ ಸರಿಯಾಗಿಯೇ ಇದೆ.

ನನ್ನ ತಂಗಿ ಸಾಲಿನಲ್ಲಿ ನಿಂತು ಕಿಟಕಿಗೆ ಹೋಗಿದ್ದಾಳೆ. ಹೆಸರು, ವಯಸ್ಸು ಆದ ಮೇಲೆ ಸ್ಪೀಕರಿನಲ್ಲಿ, “ನಿಮಗೇನು ನಡೀತು?”

ಇವಳಿಗೆ ಅರ್ಥವಾಗಿಲ್ಲ. “ಏನು ಸಾರ್?”

“ಹಿಂದೆ ಏನಾದ್ರೂ ನಡೀತಾ ಅಮ್ಮಾ? ಯಾರಾದ್ರೂ ಹೊಡೆದ್ರಾ, ಬಡಿದ್ರಾ? ಗಂಡನಾ? ಹೂಂ ಅಥವಾ ಇಲ್ಲ, ಒಂದು ಹೇಳಿ. ಸ್ವಲ್ಪ ಗಟ್ಟಿಯಾಗಿ, ಕೇಳಿಸ್ತಿಲ್ಲ.”

ಹಿಂದೆ ಸಾಲಿನಲ್ಲಿ ಅರ್ಧ ಬೀದಿ. ಚೀಟಿ ಅಲ್ಲೇ ಬಿಟ್ಟು ಬಂದಿದ್ದಾಳೆ. ಇದನ್ನೆಲ್ಲ ನನಗೆ ಹೇಳಿದವಳು ಅವಳಲ್ಲ, ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದ ಎದುರುಮನೆಯಾಕೆ. ಹೇಳುವಾಗ ಆಕೆಯ ಮುಖದಲ್ಲಿ ಅಯ್ಯೋ ಪಾಪವೂ ಇತ್ತು, ಹಬ್ಬದೂಟದ ಸಂತೋಷವೂ ಇತ್ತು.

ಏಪ್ರಿಲ್ ೧೨, ಶನಿವಾರ

ತಂಗಿ ಮಾತಾಡಲಿಲ್ಲ.

ಏಪ್ರಿಲ್ ೧೩, ಭಾನುವಾರ

ಇವತ್ತೂ ಇಲ್ಲ. ಅನ್ನಕ್ಕೆ ಉಪ್ಪು ಹೆಚ್ಚಾಗಿತ್ತು. ಚೆನ್ನಾಗಿದೆ ಎಂದು ತಿಂದೆ.

ಏಪ್ರಿಲ್ ೨೮, ಸೋಮವಾರ

ಪ್ರಯೋಗದ ವರದಿ ಮಂಡಿಸಿದರು. ಪ್ರಶ್ನೆಯನ್ನು ಬಂದವರೆಲ್ಲರಿಗೂ ಕೇಳಲಾಗಿದೆ, ಆದ್ದರಿಂದ ಪೂರ್ಣ ಯಶಸ್ಸು. ಬಹುಪಾಲು ಜನ ‘ಏನೂ ನಡೆದಿಲ್ಲ’ ಎಂದಿದ್ದಾರೆ, ಆದ್ದರಿಂದ ಈ ಭಾಗದಲ್ಲಿ ಆಘಾತವೇ ಕಡಿಮೆ. ಕೇಂದ್ರಕ್ಕೆ ಬರುವವರ ಸಂಖ್ಯೆ ಅರ್ಧಕ್ಕಿಳಿದಿದೆ. ಅದಕ್ಕೆ ಚೌಕಟ್ಟಿನ ವಿವರಣೆ: “ಜನರ ಆರೋಗ್ಯ ಸುಧಾರಿಸಿರೋ ಸಾಧ್ಯತೆ ಇದೆ.”

ನನಗೆ ತಲೆ ಕೆಟ್ಟುಹೋಯಿತು. “ಸ್ವಾಮೀ, ಜನ ನಾಚಿಕೆಯಿಂದ ಸಾಯ್ತಿದ್ದಾರೆ! ಬೀದಿಗೆಲ್ಲ ಕೇಳೋ ಹಾಗೆ ಮೈಕಲ್ಲಿ ಕೇಳ್ತಿದ್ದಾರೆ ಅಲ್ಲಿ” ಎಂದು ಕೂಗಿದೆ. ಇಡೀ ಕೋಣೆ ನನ್ನನ್ನೇ ನೋಡಿತು. ನಿರ್ದೇಶಕರು ನೀರಿನ ಲೋಟವನ್ನು ನನ್ನ ಕಡೆ ತಳ್ಳಿದರು.

ಅಲ್ಲೇ ಕೂತು ಹೊಸ ಷರತ್ತು ಬರೆದೆ: “ಪ್ರತಿಯೊಬ್ಬರ ಖಾಸಗಿತನ ಕಾಪಾಡುವ ಸಲುವಾಗಿ, ಮಾತುಕತೆ ಹಾಗೂ ತಪಾಸಣೆಯ ವೇಳೆ ಕೊಠಡಿಯ ಬಾಗಿಲನ್ನು ಕಡ್ಡಾಯವಾಗಿ ಮುಚ್ಚಿ ಒಳಗಿನಿಂದ ಚಿಲಕ ಹಾಕತಕ್ಕದ್ದು.” ಸಮಿತಿ ಒಂದೇ ಉಸಿರಿಗೆ ಒಪ್ಪಿತು. ಹಣ ಬೇಡ, ತರಬೇತಿ ಬೇಡ, ಬಾಗಿಲು ಹೇಗೂ ಎಲ್ಲ ಕಡೆ ಇದೆ. ನೀತಿ ಬರುವವರೆಗೂ ಕಾಯುವುದೇಕೆ ಎಂದು ನಾಳೆಯೇ ಎಲ್ಲ ಆಸ್ಪತ್ರೆಗಳಿಗೆ ಸುತ್ತೋಲೆ ಹೊರಡುತ್ತಿದೆ. ಇನ್ನು ಯಾರ ತಂಗಿಗೂ ಹಾಗಾಗುವುದಿಲ್ಲ.

ಮೇ ೬, ಮಂಗಳವಾರ

ಅಧ್ಯಾಯಕ್ಕೆ ಕತ್ತರಿ ಬಿದ್ದಿದೆ. ಹಣಕಾಸಿನವರು ‘ತರಬೇತಿ’ ಭಾಗ ತೆಗೆದರು. ಕಾನೂನಿನವರು ‘ಆಘಾತ’ ಎಂಬ ಮಾತಿಗೆ ಯಾರು ಹೊಣೆ ಎಂಬ ಪ್ರಶ್ನೆ ಏಳುತ್ತದೆಂದು ಅದನ್ನು ‘ಅನನುಕೂಲ ಅನುಭವ’ ಮಾಡಿದರು. ಮೂವತ್ತು ಪುಟ ಈಗ ನಾಲ್ಕು ಪುಟ. ಮುಂಚೆಯಾಗಿದ್ದರೆ ಮೇಜು ಗುದ್ದಿ ಜಗಳವಾಡುತ್ತಿದ್ದೆ. ಇವತ್ತು ಬೇಗ ಮನೆಗೆ ಹೊರಟೆ, ಯಾಕೆಂದರೆ ತಂಗಿ ಒಬ್ಬಳೇ ಇದ್ದಾಗ ಸಂಜೆ ದೀಪ ಹಾಕುವುದನ್ನೂ ಮರೆಯುತ್ತಾಳೆ.

ಬರುವಾಗ ಬೀಗದ ಕೈ ಗೊಂಚಲನ್ನು ಚೀಲದ ಅಡಿಯಲ್ಲಿಟ್ಟೆ. ಅದರ ಸದ್ದು ಕೇಳಿದರೆ ಅವಳು ಕೂತಲ್ಲೇ ಬೆಚ್ಚುತ್ತಾಳೆ, ಲೋಟ ಕೈಜಾರುತ್ತದೆ. ಲೋಟಗಳು ಉಳಿಯಲಿ ಎಂದಷ್ಟೇ. ಬಾಗಿಲಿಗೆ ಬಂದು “ನಾನು ಕಣೇ” ಎಂದು ಹೇಳಿ ಒಳಗೆ ಬರುವುದು ಅಭ್ಯಾಸವಾಗಿದೆ.

ಗಂಟಿನ ಮಾತೆತ್ತಲು ಬಾಯಿ ಬರುತ್ತಿಲ್ಲ. ಯಾವ ಮುಖ ಇಟ್ಟುಕೊಂಡು ಎತ್ತಲಿ? ಆದರೆ ಅವಳ ಕೈ ಆಗಾಗ ಎಡಗಡೆಗೆ ಹೋಗುವುದನ್ನು ನೋಡುತ್ತೇನೆ.

ಮೇ ೧೮, ಭಾನುವಾರ

ಬಡಗಿ ಬಂದಿದ್ದ. ಸ್ನಾನದ ಮನೆಯ ಚಿಲಕ ತುಕ್ಕು ಹಿಡಿದಿತ್ತು, ತೆಗೆಸಿ ಹಾಕಿದೆ. ಬೇರೆ ಹಾಕಲೇ ಎಂದ. ಸದ್ಯಕ್ಕೆ ಬೇಡ ಎಂದೆ. ಇರುವವರು ಇಬ್ಬರು ಹೆಂಗಸರು, ಯಾವ ಅರಮನೆ ಕಾಯಬೇಕಾಗಿದೆ?

ಮಧ್ಯಾಹ್ನ ತಂಗಿ ಬೀನ್ಸ್ ಬಿಡಿಸುತ್ತ ಕೂತಿದ್ದಳು. ಬಾಗಿಲಿಗೆ ಎದುರಾಗಿರುವ ಕುರ್ಚಿ ಅವಳದು, ನಾನು ಮೋರಿಯ ಕಡೆಯ ಮಣೆಯ ಮೇಲೆ. ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸತೊಡಗಿದೆ. ಏನೂ ಕೇಳಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಏನೂ ಕೇಳಲಿಲ್ಲ.

ತಾನಾಗಿಯೇ ಹೇಳಿದಳು. “ಅವನು ಕೆಲಸಕ್ಕೆ ಹೋಗೋವಾಗ ನನ್ನನ್ನ ಕೋಣೇಲಿ ಬಿಟ್ಟು ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತಿದ್ದ ಅಕ್ಕ.”

ನನ್ನ ಕೈಯಲ್ಲಿದ್ದ ಬೀನ್ಸ್ ಹಾಗೇ ನಿಂತಿತು.

“ಮೊದಮೊದಲು ತಮಾಷೆಗೆ. ಆಮೇಲೆ ಸಿಟ್ಟು ಬಂದಾಗ. ಆಮೇಲೆ ದಿನಾ. ಒಂದ್ಸಲ ಎರಡು ದಿನ ಬರ್ಲೇ ಇಲ್ಲ.” ಒಂದು ಬೀನ್ಸ್ ಮುರಿದು, “ಬಂದಾಗ ಒಳಗೆ ಬಂದು ಮತ್ತೆ ಚಿಲಕ ಹಾಕ್ತಿದ್ದ. ಅದು ಇನ್ನೂ ಕೆಟ್ಟದು” ಎಂದಳು. “ಆ ಸದ್ದು ಇದೆಯಲ್ಲ, ಅದೊಂದು ಕೇಳಿದ್ರೆ ನಾನು ನಾನಾಗಿರಲ್ಲ. ಅವತ್ತು ಮೊದಲ್ನೇ ಸಲ ಆಸ್ಪತ್ರೆ ಗೇಟಿಂದ ವಾಪಸ್ ಬಂದೆ ನೋಡು, ಒಳಗೆ ಒಂದು ಕೋಣೆ ಬಾಗಿಲು ಹಾಕಿದ ಸದ್ದು ಕೇಳ್ತು, ಅಷ್ಟೇ.”

ನಾನು ಏನು ಹೇಳಿದೆ? “ಈ ಬೀನ್ಸಿಗೆ ನಾರು ಜಾಸ್ತಿ” ಎಂದೆ. ದೇಶಕ್ಕೇ ಆರೈಕೆಯ ಅಧ್ಯಾಯ ಬರೆದ ಹೆಂಗಸು! ನಾಲಿಗೆ ಸೇದಿಹೋಗಲಿ. ಆದರೆ ಅವಳು “ಹೂಂ, ಜಾಸ್ತಿ” ಎಂದು ನಕ್ಕು ಇನ್ನೊಂದು ಹಿಡಿ ನನ್ನ ಮುಂದೆ ಹಾಕಿದಳು. ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆವು.

ಒಂದು ವರ್ಷ ನಾನು ಅವಳ ಹಿಂದೆ ಹಿಂದೆ ಬಾಗಿಲು ಹಾಕುತ್ತ ಓಡಾಡಿದ್ದೇನೆ. ಈಗ ದೇಶದ ಆಸ್ಪತ್ರೆಗಳಿಗೆಲ್ಲ ಚಿಲಕ ಹಾಕಿಸಿದ್ದೇನೆ.

ಮೇ ೨೦, ಮಂಗಳವಾರ

ನಿರ್ದೇಶಕರ ಬಳಿ ಹೋಗಿ ಬಾಗಿಲಿನ ಷರತ್ತು ತೆಗೆಯಬೇಕು ಎಂದೆ. ಕನಿಷ್ಠ ‘ಬಂದವರು ಬಯಸಿದಂತೆ’ ಎಂದು ಸೇರಿಸಬೇಕು.

“ಮೇಡಂ, ನಿಮ್ಮ ಅಧ್ಯಾಯದಲ್ಲಿ ಎಲ್ಲಾ ಇಲಾಖೆ ಒಪ್ಪಿರೋದು ಅದೊಂದೇ ವಾಕ್ಯ!” ಎಂದರು. “ಮಂತ್ರಿಗಳು ಭಾಷಣದಲ್ಲಿ ಅದನ್ನೇ ಓದ್ತಾರಂತೆ. ಎಷ್ಟು ಸ್ಪಷ್ಟವಾಗಿದೆ ಅಂತ ಹೊಗಳಿದ್ರು.”

“ಮುಚ್ಚಿದ ಬಾಗಿಲಿಗೇ ಹೆದರೋರು ಇರ್ತಾರೆ ಸರ್.”

ಚೌಕಟ್ಟೂ ಅಲ್ಲೇ ಇದ್ದರು. “ಬಂದವರು ಬಯಸಿದಂತೆ ಅಂತ ಬರೆದ್ರೆ ಅದನ್ನ ಅಳೆಯೋದು ಹೇಗೆ? ಮುಚ್ಚಿದ ಬಾಗಿಲನ್ನ ಎಣಿಸಬಹುದು” ಎಂದರು. “ಅಂಥ ಹೆದರಿಕೆಯವರು ಎಷ್ಟು ಜನ ಇದ್ದಾರೆ ಅಂತ ಏನಾದ್ರೂ ಅಂಕಿ ಇದೆಯಾ ನಿಮ್ಮ ಹತ್ರ?”

ಇದೆ ಎಂದೆ. ಎಷ್ಟು ಎಂದರು. ಒಬ್ಬಳು ಎಂದೆ.

ಇಬ್ಬರೂ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು, ನಾನು ತಮಾಷೆ ಮಾಡಿದೆ ಎಂದುಕೊಂಡು. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದವಳಿಗೆ ಹಗ್ಗ ಕೇಳುವುದಕ್ಕೂ ನಾಚಿಕೆ. ಹೊರಗೆ ಬಂದೆ.

ಜೂನ್ ೫, ಗುರುವಾರ

ತಂಗಿ ಹೇಳಿದಳು: “ಅಕ್ಕ, ಅದು ದೊಡ್ಡದಾಗಿದೆ.”

ಗಂಟಲಿನವರೆಗೆ ಬಂತು, ‘ನಾನು ಬಡ್ಕೊಂಡೆನಲ್ಲ’ ಎಂಬ ಮಾತು. ನುಂಗಿದೆ. “ಏನ್ ಮಾಡೋಣ?” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು, ಮನೆಗೆ ಯಾರೋ ಹೊಸಬರು ಬಂದಂತೆ. “ಬಾಗಿಲು ಹಾಕಲ್ಲ ಅಂದ್ರೆ ಬರ್ತೀನಿ” ಎಂದಳು.

“ಹಾಕಲ್ಲ.”

“ಹಾಕಲೇಬೇಕು ಅಂತ ಸುತ್ತೋಲೆ ಬಂದಿದೆಯಂತೆ. ಎದುರುಮನೆಯವ್ರು ಹೇಳಿದ್ರು.”

ಆ ಎದುರುಮನೆಯವಳನ್ನು ಇಲಾಖೆಯ ಪ್ರಚಾರ ವಿಭಾಗಕ್ಕೆ ಸೇರಿಸಿಕೊಳ್ಳಬೇಕು. “ಸುತ್ತೋಲೆ ಬರೆದೋಳು ನಾನೇ ಕಣೇ. ನಾನೇ ಬರ್ತೀನಿ ನಿನ್ನ ಜೊತೆ, ನೋಡ್ತೀನಿ ಯಾರು ಹಾಕ್ತಾರೆ” ಎಂದೆ.

ಜೂನ್ ೯, ಸೋಮವಾರ

ದೊಡ್ಡಾಸ್ಪತ್ರೆ. ತಪಾಸಣೆಯ ಕೋಣೆಯ ಬಾಗಿಲ ಮೇಲೆಯೇ ನನ್ನ ವಾಕ್ಯ ಕೆಂಪು ಅಕ್ಷರದಲ್ಲಿ ಅಂಟಿಸಿದೆ. ‘ಕಡ್ಡಾಯವಾಗಿ’ ಎಂಬುದಕ್ಕೆ ಅಡಿಗೆರೆ ಬೇರೆ. ತಂಗಿ ಅದನ್ನು ಓದಿದಳು, ನನ್ನ ತೋಳು ಹಿಡಿದುಕೊಂಡಳು. ಉಗುರು ಊರಿದ ಜಾಗ ಈಗಲೂ ಉರಿಯುತ್ತಿದೆ.

ನರ್ಸ್ ಒಳ್ಳೆಯವಳೇ, ಗಟ್ಟಿಗಿತ್ತಿ. ಬಾಗಿಲು ಹಾಕಲು ಬಂದಳು. ಬೇಡಮ್ಮ ಎಂದೆ.

“ಹಾಕಲೇಬೇಕು ಮೇಡಂ. ನಿಮ್ಮ ಒಳ್ಳೇದಕ್ಕೇ ಅಲ್ವಾ ಬರೆದಿರೋದು?”

“ಅದನ್ನ ಬರೆದೋಳು ನಾನೇ.”

ಕನಿಕರದಿಂದ ನೋಡಿದಳು. ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟೋ ಜನ ಏನೇನೋ ಹೇಳಿಕೊಳ್ಳುತ್ತಾರೆ. “ಆಗ್ಲಿ ಮೇಡಂ. ಬರೆದೋರಾದ್ರೆ ನಿಮಗೇ ಗೊತ್ತಲ್ಲ, ಕಡ್ಡಾಯ ಅಂದ್ರೆ ಕಡ್ಡಾಯ. ಚಿಲಕ ಹಾಕಿಲ್ಲ ಅಂತ ಹೋದ ವಾರ ಒಬ್ಬಳಿಗೆ ನೋಟಿಸ್ ಕೊಟ್ಟಿದ್ದಾರೆ. ನನ್ನ ಕೆಲ್ಸ ಹೋದ್ರೆ ನೀವು ಕೊಡ್ತೀರಾ?”

ಒಂದೊಂದು ಮಾತೂ ನ್ಯಾಯವೇ. ಒಳಗೆ ತಂಗಿ ಮಂಚದ ತುದಿಯಲ್ಲಿ ಕೂತಿದ್ದಳು, ಮುಖ ಬಿಳಿಚಿಕೊಂಡಿತ್ತು, ಕಾಲು ನೆಲಕ್ಕೆ ಊರಿದ್ದಳು, ಎದ್ದು ಹೋಗುವವಳ ಹಾಗೆ. ಈಗ ಎದ್ದರೆ ಇವಳು ಇನ್ನೆಂದೂ ಬರುವುದಿಲ್ಲ. ನಾನು ಹೋಗಿ ಹೊಸ್ತಿಲ ಮೇಲೆ ನಿಂತುಬಿಟ್ಟೆ, ಬೆನ್ನು ಹೊರಗೆ, ಮುಖ ಒಳಗೆ. ಹೊದ್ದಿದ್ದ ಶಾಲನ್ನು ಎರಡೂ ಕೈಯಿಂದ ಅಗಲವಾಗಿ ಹಿಡಿದೆ. ಹೊರಗಿನವರಿಗೆ ಒಳಗಿನದು ಕಾಣುವಂತಿಲ್ಲ. ಬಾಗಿಲು ಮುಚ್ಚಬೇಕಾದರೆ ನನ್ನನ್ನು ಸೇರಿಸಿ ಮುಚ್ಚಬೇಕು.

“ಇದೆಂಥ ಹಠ ಮೇಡಂ!” ಎಂದಳು ನರ್ಸ್.

ಅಷ್ಟರಲ್ಲಿ ಡಾಕ್ಟರಮ್ಮ ಕೈಗೆ ಗವಸು ಹಾಕಿಕೊಳ್ಳುತ್ತ ತಿರುಗಿ ನೋಡಿದರು. ದಣಿದ ಮುಖ. “ಯಾಕೆ ಸಿಸ್ಟರ್, ಬಾಗಿಲು ಮುಚ್ಚೇ ಇದೆಯಲ್ಲ? ಇವರ ಗಾತ್ರ ನೋಡಿ, ಇನ್ನೊಂದು ಬಾಗಿಲು ಬೇಕಾ?”

ನರ್ಸಿಗೆ ನಗು ತಡೆಯಲಾಗಲಿಲ್ಲ. ತಂಗಿಯೂ ನಕ್ಕಳು. ಅವಮಾನವಾಗಬೇಕಿತ್ತು. ಇರಲಿ, ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ.

ಸೂಜಿ ಹಾಕಿ ಪರೀಕ್ಷೆಗೆ ಚೂರು ತೆಗೆದರು. ಅದಕ್ಕೆ ಮೊದಲು ಡಾಕ್ಟರಮ್ಮ ಪ್ರತಿಯೊಂದನ್ನೂ ಹೇಳಿ ಹೇಳಿ ಮಾಡಿದರು, ಈಗ ಮುಟ್ತೀನಿ, ಈಗ ತಣ್ಣಗಾಗುತ್ತೆ, ನಿಲ್ಲಿಸಬೇಕಾದ್ರೆ ಕೈ ಎತ್ತಿ. ಅವರಿಗೆ ಯಾರು ಹೇಳಿಕೊಟ್ಟರೋ. ನನ್ನ ಅಧ್ಯಾಯವಂತೂ ಅಲ್ಲ, ಆ ತರಬೇತಿಯ ಭಾಗ ಮೇ ತಿಂಗಳಲ್ಲೇ ಹೋಯಿತು. ನಡುವೆ ತಂಗಿ ಕಣ್ಣು ಮುಚ್ಚಿಕೊಂಡು ಕರೆದಳು:

“ಅಕ್ಕ, ಇದ್ದೀಯಾ?”

“ಇದ್ದೀನಿ.”

ಸ್ವಲ್ಪ ಹೊತ್ತಿಗೆ ಮತ್ತೆ, “ಇದ್ದೀಯಾ?”

“ಇಲ್ಲೇ ಇದ್ದೀನಿ ಕಣೇ.”

ಎಷ್ಟು ಸಲ ಕೇಳಿದಳೋ ಅಷ್ಟು ಸಲ ಅದನ್ನೇ ಹೇಳಿದೆ. ಬೇರೆ ಇನ್ನೇನಾದರೂ ಧೈರ್ಯದ ಮಾತು ಹೇಳಬೇಕಿತ್ತೇನೋ, ಹೊಳೆಯಲಿಲ್ಲ. ಕೈ ಸೋತು ಮರಗಟ್ಟಿತು. ಮನೆಗೆ ಬಂದ ಮೇಲೆ ಅವಳೇ ಎಣ್ಣೆ ಹಚ್ಚಿ ತಿಕ್ಕಿದಳು.

ಜೂನ್ ೧೭, ಮಂಗಳವಾರ

ಫಲಿತಾಂಶ ಬಂತು. ಗಂಟು ಕೆಟ್ಟದ್ದೇ.

ಡಾಕ್ಟರಮ್ಮ ಹೇಳಿದರು, ಇನ್ನೂ ಹರಡಿಲ್ಲ, ಶಸ್ತ್ರಚಿಕಿತ್ಸೆ ಆಗಬೇಕು, ಆಮೇಲೆ ಔಷಧ, ವಾಸಿಯಾಗುವ ಸಂಭವ ಚೆನ್ನಾಗಿದೆ. ಇನ್ನೂ ಕೆಲವು ತಿಂಗಳು ತಡವಾಗಿದ್ದರೆ ಈ ಮಾತು ಹೇಳುವ ಹಾಗಿರಲಿಲ್ಲವಂತೆ. ತಂಗಿ ಅಳಲಿಲ್ಲ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಜನ ನೋಡುತ್ತಿದ್ದಾರೆ ಎಂಬ ಖಬರಿಲ್ಲದೆ ಅತ್ತೆ. ಅವಳು ಪಕ್ಕದಲ್ಲಿ ಕೂತು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. “ಸೂಕ್ಷ್ಮ ಮನಸ್ಸಿನೋಳು ಪಾಪ” ಎಂದಳು. ನಿರ್ದೇಶಕರ ಮಾತನ್ನು ಅವಳಿಗೆ ಎಂದೋ ಹೇಳಿಬಿಟ್ಟಿದ್ದೆ, ನನ್ನದೇ ತಪ್ಪು.

ಕಚೇರಿಗೆ ಹೋದರೆ ಮೇಜಿನ ಮೇಲೆ ಒಂದು ದೂರು. ದೊಡ್ಡಾಸ್ಪತ್ರೆಯ ಆಡಳಿತದವರು ಕಳಿಸಿದ್ದು: ಒಬ್ಬ ಸ್ಥೂಲಕಾಯದ ಮಹಿಳೆ ಬಾಗಿಲಿನಲ್ಲಿ ನಿಂತು ರಾಷ್ಟ್ರೀಯ ಸುತ್ತೋಲೆಯ ಪಾಲನೆಗೆ ಅಡ್ಡಿಪಡಿಸಿದ್ದಾರೆ, ಸೂಕ್ತ ಕ್ರಮ ಕೈಗೊಳ್ಳಬೇಕು. ಇಂಥ ದೂರುಗಳಿಗೆ ಉತ್ತರಿಸುವ ಹೊಣೆ ಏಳನೇ ಅಧ್ಯಾಯದವರದು. ‘ಸದರಿ ಮಹಿಳೆಗೆ ಕಟ್ಟುನಿಟ್ಟಾಗಿ ಎಚ್ಚರಿಕೆ ನೀಡಲಾಗಿದೆ’ ಎಂದು ಉತ್ತರ ಬರೆದು ಸಹಿ ಹಾಕಿದೆ. ‘ಸ್ಥೂಲಕಾಯ’ ಎಂಬುದಕ್ಕೆ ಆಧಾರವೇನೆಂದು ಕೇಳಬೇಕೆನಿಸಿತ್ತು, ಬಿಟ್ಟೆ.

ಜೂನ್ ೨೪, ಮಂಗಳವಾರ

ನೀತಿ ಅಚ್ಚಾಗಿ ಬಂದಿದೆ, ಒಳ್ಳೆಯ ನುಣುಪು ಕಾಗದ. ಏಳನೇ ಅಧ್ಯಾಯ ಈಗ ಆರನೆಯದರ ಕೊನೆಯ ಒಂದು ಪ್ಯಾರಾ. ಬೆಟ್ಟ ಅಗೆದು ಇಲಿ ಹಿಡಿದದ್ದಾಯಿತು, ಆ ಇಲಿಯೂ ಬಾಗಿಲಿನ ಷರತ್ತೇ. ಗುರುವಾರ ಬಿಡುಗಡೆ. ಮಂತ್ರಿಗಳು, ದೀಪ, ಹೂಗುಚ್ಛ, ಎಲ್ಲ ಉಂಟು. ನಿರ್ದೇಶಕರು ಬಂದು, “ಮೇಡಂ, ವೇದಿಕೆ ಮೇಲೆ ನಿಮಗೊಂದು ಕುರ್ಚಿ. ಮಂತ್ರಿಗಳೇ ಹೇಳಿ ಹಾಕಿಸಿದ್ದಾರೆ. ಇಷ್ಟು ವರ್ಷದ ಸೇವೆಗೆ ಇದಕ್ಕಿಂತ ದೊಡ್ಡ ಗೌರವ ಏನಿದೆ?” ಎಂದರು.

ಗುರುವಾರ ಬೆಳಿಗ್ಗೆಯೇ ತಂಗಿಯ ಶಸ್ತ್ರಚಿಕಿತ್ಸೆ.

ನಿನ್ನೆ ಸಂಜೆ ಅವಳು ಚೀಲಕ್ಕೆ ಬಟ್ಟೆ ತುಂಬುತ್ತ, ನನ್ನ ಕಡೆ ನೋಡದೆ, “ಅಕ್ಕ, ಅವತ್ತು ನೀನೂ ಬಾ” ಎಂದಳು. ‘ಬರ್ತೀಯಾ’ ಎಂದಲ್ಲ, ‘ಸಾಧ್ಯವಾದ್ರೆ ಬಾ’ ಎಂದಲ್ಲ, ‘ಬಾ’ ಎಂದಳು. ನನ್ನ ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟು ಏನನ್ನೂ ಕೇಳಿದ್ದಿಲ್ಲ. ಒಂದು ಲೋಟ ನೀರನ್ನೂ ಕೇಳಿದವಳಲ್ಲ.

ನಿರ್ದೇಶಕರಿಗೆ ರಜೆ ಬೇಕು ಎಂದೆ. ಅವರ ಮುಖ ಸಣ್ಣಗಾಯಿತು. “ಅಲ್ಲ ಮೇಡಂ, ಮಂತ್ರಿಗಳಿಗೆ ನಾನೇನು ಹೇಳ್ಲಿ? ಬಲವಾದ ಕಾರಣ ಬರೆದು ಕೊಡಿ. ನಿಮಗೆ ಬರೆಯೋದಕ್ಕೆ ಹೇಳಿಕೊಡ್ಬೇಕಾ?”

ರಜೆ ಚೀಟಿ ತೆಗೆದುಕೊಂಡು ಕೂತೆ. ಕಾರಣ ಎಂಬಲ್ಲಿ ಬರೆದೆ: “ತಂಗಿ ಬಾ ಎಂದಳು.”

ನಿರ್ದೇಶಕರು ಓದಿದರು, ಕಾಗದ ತಿರುಗಿಸಿ ಹಿಂದೆಯೂ ನೋಡಿದರು. “ಇಷ್ಟೇನಾ?” ಎಂದರು.

ಇಷ್ಟೇ ಎಂದೆ.